ನಡುದಾರಿಯ ಭೇಟಿ: ಹೊರದೇಶದಲ್ಲಿರುವ ಮಕ್ಕಳೊಡನೆ ರಜಾ ಪ್ರವಾಸ

ಹಾವೇರಿ ಜಿಲ್ಲೆಯ ಮೋಟೆಬೆನ್ನೂರು, ಬ್ಯಾಡಗಿ, ರಾಣೇಬೆನ್ನೂರು ಮೊದಲಾದ ಊರುಗಳಿಂದ ಓದಿಗಾಗಿಯೋ ಕೆಲಸಕ್ಕಾಗಿಯೋ ಹೊರದೇಶ ಸೇರಿದವರು ರಜೆ ಸಿಕ್ಕಾಗ ಊರಿಗೆ ಬಂದು ಹೋಗುವುದೇ ರೂಢಿಯಾಗಿದ್ದರೂ, ಅವರ ರಜೆ ಹತ್ತು ದಿನಕ್ಕೆ ಮೀರದಿರುವಾಗ ಅಥವಾ ಅವರು ಒಂದು ದೇಶದಿಂದ ಮತ್ತೊಂದಕ್ಕೆ ತಿಂಗಳುಗಟ್ಟಲೆ ಸಂಚರಿಸುತ್ತಿರುವಾಗ, ಊರಿನಲ್ಲಿರುವ ತಂದೆತಾಯಿಯರೇ ಹೊರಟು ನಡುವಿನ ಒಂದು ದೇಶದಲ್ಲಿ ಅವರನ್ನು ಕೂಡಿಕೊಂಡು, ಅಲ್ಲಿ ಒಂದು ವಾರ ಜೊತೆಯಾಗಿ ಸುತ್ತಾಡಿ ಮರಳುವ ಮತ್ತೊಂದು ದಾರಿಯೂ ಇದೆ. ಈ ಲೇಖನದಲ್ಲಿ ಅಂಥ ಏರ್ಪಾಡನ್ನು ‘ನಡುದಾರಿಯ ಭೇಟಿ’ ಎಂದು ಕರೆಯಲಾಗಿದೆ. ಇದರಲ್ಲಿ ಮಕ್ಕಳಿಗೆ ಒಂದೆರಡು ದಿನಗಳ ಪ್ರಯಾಣ ಉಳಿಯುತ್ತದೆ. ಹಿರಿಯರಿಗೆ ನೋಡದ ಒಂದು ದೇಶವನ್ನು ಮಕ್ಕಳ ಕೈಹಿಡಿದು ನೋಡುವ ಅವಕಾಶ ಒದಗುತ್ತದೆ.

ಆದರೆ ಇಂಥ ಪ್ರವಾಸದ ಯೋಜನೆ ಸಾಮಾನ್ಯವಾಗಿ ತಪ್ಪು ತುದಿಯಿಂದ ಶುರುವಾಗುತ್ತದೆ. ಹೊರದೇಶದಲ್ಲಿರುವವರು ತಮ್ಮ ರಜೆಯ ದಿನಗಳನ್ನು ನೋಡಿಕೊಂಡು, ಅಗ್ಗದ ಟಿಕೆಟ್ ಕಂಡೊಡನೆ ಕೊಂಡು, ಆಮೇಲೆ ಊರಿಗೆ ಫೋನು ಮಾಡುತ್ತಾರೆ. ಅಷ್ಟರಲ್ಲಿ ಇಲ್ಲಿ ತಾಯಿಗೆ ಪಾಸ್‌ಪೋರ್ಟೇ ಇರುವುದಿಲ್ಲ, ಇಲ್ಲವೆ ಹೊಲದಲ್ಲಿ ಮೆಣಸಿನಕಾಯಿ ಬಿಡಿಸುವ ಕಾಲ ಬಂದಿರುತ್ತದೆ. ಊರಿನ ಕಡೆಯ ಅತ್ಯಂತ ಹಿರಿಯ ಸದಸ್ಯರ ಕಾಗದಪತ್ರ, ಆರೋಗ್ಯ ಮತ್ತು ಬಿಡುವು ಮೊದಲು, ಅದಕ್ಕೆ ಹೊಂದುವ ಸ್ಥಳ ಆಮೇಲೆ, ಟಿಕೆಟ್ ಎಲ್ಲಕ್ಕಿಂತ ಕೊನೆಗೆ ಎಂಬ ಕ್ರಮವನ್ನು ಪಾಲಿಸಿದರೆ ಉಳಿದ ತೊಡಕುಗಳಲ್ಲಿ ಹೆಚ್ಚಿನವು ತಾವಾಗಿಯೇ ಸಡಿಲಗೊಳ್ಳುತ್ತವೆ.

ಹೊಲದ ಲೆಕ್ಕ, ರಜೆಯ ಲೆಕ್ಕ

2011ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ಪಡೆದ, ಎಂದರೆ ಆ ಪ್ರದೇಶದ ಹೆಸರಿನಲ್ಲಿಯೇ ಕಾನೂನಿನ ರಕ್ಷಣೆ ಗಳಿಸಿದ ಬ್ಯಾಡಗಿ ಮೆಣಸಿನಕಾಯಿಯನ್ನು ಮಳೆಗಾಲದಲ್ಲಿ ನಾಟಿ ಮಾಡಿದರೆ ವರ್ಷದ ಕೊನೆಯ ಹೊತ್ತಿಗೆ ಹಣ್ಣು ಬಿಡಿಸುವ ಕೆಲಸ ಮೊದಲಾಗಿ, ಒಣಗಿಸಿ, ಆರಿಸಿ, ಸೋಮವಾರ ಮತ್ತು ಗುರುವಾರಗಳಂದು ನಡೆಯುವ ಬ್ಯಾಡಗಿ ಮಾರುಕಟ್ಟೆಗೆ ಒಯ್ಯುವ ಓಡಾಟ ಮಾರ್ಚ್‌ವರೆಗೂ ಬಿಡುವು ಕೊಡುವುದಿಲ್ಲ. ಯುರೋಪ್, ಅಮೆರಿಕಗಳಲ್ಲಿರುವವರಿಗೆ ದೊಡ್ಡ ರಜೆ ಸಿಗುವುದು ಕ್ರಿಸ್‌ಮಸ್‌ನಿಂದ ಹೊಸ ವರ್ಷದವರೆಗೆ. ಮೆಣಸಿನಕಾಯಿ ಬೆಳೆಯುವ ಮನೆಯ ಯಜಮಾನ ಹೊಲ ಬಿಟ್ಟು ಕದಲಲಾಗದ ದಿನಗಳೂ ಅವೇ. ಈ ಎರಡು ಲೆಕ್ಕಗಳನ್ನು ಬಲವಂತವಾಗಿ ಹೊಂದಿಸಲು ಹೋದ ಪ್ರವಾಸದಲ್ಲಿ ತಂದೆ ಹೋಟೆಲಿನ ಕೋಣೆಯಲ್ಲಿ ಕುಳಿತು ಕೂಲಿಯವರಿಗೂ ದಲಾಲರಿಗೂ ಫೋನು ಮಾಡುವುದರಲ್ಲಿಯೇ ವಾರ ಕಳೆಯುತ್ತಾರೆ. ಕಾಯಿ ಮಾರಿದ ಮೇಲೆ, ಅಥವಾ ದರ ಏರಲೆಂದು ಶೈತ್ಯಾಗಾರದಲ್ಲಿ ಇಟ್ಟ ಮೇಲೆ, ಏಪ್ರಿಲ್ ನಡುವಿನಿಂದ ಮುಂಗಾರು ಬಿತ್ತನೆಗೆ ಹೊಲ ಹದಮಾಡುವವರೆಗಿನ ವಾರಗಳೇ ಇಂಥ ಮನೆಗಳಿಗೆ ನಿಜವಾದ ಬಿಡುವು. ಶಾಲೆಗೂ ಆಗ ಬೇಸಿಗೆ ರಜೆ ಇರುವುದರಿಂದ ಮನೆಯ ಚಿಕ್ಕ ಮಕ್ಕಳೂ ಹೊರಡಬಹುದು. ಮದುವೆಗಳ ಕಾಲವೂ ಅದೇ ಆದ್ದರಿಂದ ಹತ್ತಿರದ ನೆಂಟರ ಮುಹೂರ್ತಗಳನ್ನು ಮೊದಲೇ ಕೇಳಿ ತಿಳಿದಿರಬೇಕು.

ಗೋವಿನಜೋಳ ಬೆಳೆಯುವವರಿಗೆ ದಸರಾ–ದೀಪಾವಳಿಗಳ ನಡುವೆ ಕೊಯ್ಲು ಎದುರಾಗುತ್ತದೆ. ರಾಣೇಬೆನ್ನೂರು ಭಾಗದಲ್ಲಿ ಹೈಬ್ರಿಡ್ ಬೀಜೋತ್ಪಾದನೆ ಮಾಡುವ ಕುಟುಂಬಗಳ ಕಟ್ಟುಪಾಡು ಇನ್ನೂ ಬಿಗಿಯಾದದ್ದು: ಹೂ ಬಿಡುವ ವಾರಗಳಲ್ಲಿ ದಿನ ತಪ್ಪದೆ ಕೈಯಿಂದ ಪರಾಗಸ್ಪರ್ಶ ಮಾಡಬೇಕಾಗುವುದರಿಂದ ಆ ಕಾಲದಲ್ಲಿ ಪ್ರವಾಸದ ಮಾತೇ ಎತ್ತುವಂತಿಲ್ಲ. ಮನೆದೇವರ ಲೆಕ್ಕವೂ ಇದಕ್ಕೆ ಸೇರುತ್ತದೆ. ದಸರೆಯ ಹೊತ್ತಿಗೆ ದೇವರಗುಡ್ಡದಲ್ಲಿ, ಭಾರತ ಹುಣ್ಣಿಮೆಯ ಹೊತ್ತಿಗೆ ಮೈಲಾರದಲ್ಲಿ ನಡೆಯುವ ಕಾರ್ಣಿಕೋತ್ಸವವನ್ನು, ಎಂದರೆ ಗೊರವಯ್ಯ ಬಿಲ್ಲನ್ನೇರಿ ವರ್ಷದ ಭವಿಷ್ಯವನ್ನು ಒಂದೇ ವಾಕ್ಯದಲ್ಲಿ ನುಡಿಯುವ ಸಂಪ್ರದಾಯವನ್ನು, ಬಿಟ್ಟು ಹೊರಡಲು ಒಪ್ಪದ ಹಿರಿಯರು ಈ ಸೀಮೆಯಲ್ಲಿ ಇದ್ದಾರೆ. ಅವರನ್ನು ಒಪ್ಪಿಸಲು ಹೋಗುವುದಕ್ಕಿಂತ ದಿನಾಂಕ ಬದಲಿಸುವುದೇ ಸುಲಭ.

ಎಲ್ಲಿ ಕೂಡುವುದು

ಸ್ಥಳದ ಆಯ್ಕೆಗೆ ಒಂದೇ ಮುಖ್ಯ ಅಳತೆಗೋಲು ಸಾಕು: ಹಿರಿಯರು ಬೆಂಗಳೂರಿನಲ್ಲಿ ಏರಿದ ವಿಮಾನದಿಂದಲೇ ಅಲ್ಲಿ ಇಳಿಯುವಂತಿರಬೇಕು. ನಡುವೆ ವಿಮಾನ ಬದಲಿಸುವ ಕೆಲಸ, ಎರಡನೆಯ ಭದ್ರತಾ ತಪಾಸಣೆ, ಅರ್ಥವಾಗದ ಭಾಷೆಯ ಪ್ರಕಟಣೆ ಇವೆಲ್ಲ ಮಕ್ಕಳ ಪಾಲಿಗಿರಲಿ. ಬೆಂಗಳೂರಿನಿಂದ ಕೊಲಂಬೊ ಸುಮಾರು ಒಂದೂವರೆ ಗಂಟೆಯ ಹಾದಿ. ಬ್ಯಾಂಕಾಕ್, ಕೌಲಾಲಂಪುರ, ಸಿಂಗಪುರ, ದುಬೈ ನಗರಗಳು ಮೂರೂವರೆಯಿಂದ ನಾಲ್ಕೂವರೆ ಗಂಟೆಯೊಳಗೆ ಬರುತ್ತವೆ. ಆಸ್ಟ್ರೇಲಿಯಾದಲ್ಲಿರುವವರಿಗೆ ಸಿಂಗಪುರ ಅಥವಾ ಮಲೇಷ್ಯಾ, ಯುರೋಪ್ ಮತ್ತು ಕೊಲ್ಲಿ ದೇಶಗಳಲ್ಲಿರುವವರಿಗೆ ದುಬೈ ನಿಜವಾದ ನಡುದಾರಿ. ಕೊಲಂಬೊ ಎಲ್ಲಕ್ಕಿಂತ ಹತ್ತಿರವಿದ್ದು, ಗಡಿಯಾರವನ್ನೂ ತಿರುಗಿಸಬೇಕಿಲ್ಲದ ಕಾರಣ ಎಪ್ಪತ್ತು ದಾಟಿದವರಿಗೆ ಒಳ್ಳೆಯ ಆಯ್ಕೆ. ಏಪ್ರಿಲ್–ಮೇ ತಿಂಗಳಿನಲ್ಲಿ ಹೊರಡುವವರು ದುಬೈಯನ್ನು ಕೈಬಿಡುವುದು ಲೇಸು. ಹಾವೇರಿಯ ಬಿಸಿಲಿನಿಂದ ತಪ್ಪಿಸಿಕೊಂಡು ಅದಕ್ಕಿಂತ ಕಡುವಾದ ಬಿಸಿಲಿಗೆ ಹೋಗುವುದರಲ್ಲಿ ಅರ್ಥವಿಲ್ಲ.

ಯಾತ್ರೆಯ ಮನಸ್ಸಿರುವ ಹಿರಿಯರಿಗೆ ನೇಪಾಳವನ್ನು ಪ್ರತ್ಯೇಕವಾಗಿ ಹೇಳಬೇಕು. ಭಾರತೀಯರಿಗೆ ಅಲ್ಲಿ ವೀಸಾ ಬೇಕಿಲ್ಲ. ಪಾಸ್‌ಪೋರ್ಟ್ ಇಲ್ಲದವರು ಚುನಾವಣಾ ಆಯೋಗದ ಗುರುತಿನ ಚೀಟಿಯಿಂದಲೇ ಹೋಗಿಬರಬಹುದು. 65 ವರ್ಷ ಮೀರಿದವರಿಗೂ 15 ತುಂಬದವರಿಗೂ ಆಧಾರ್ ಸಾಕಾಗುತ್ತದೆ, ಆದರೆ ನಡುವಯಸ್ಸಿನವರು ಆಧಾರ್ ಒಂದನ್ನೇ ನಂಬಿ ಹೊರಡಬಾರದು. ಕಠ್ಮಂಡುವಿನ ಪಶುಪತಿನಾಥ ದೇವಾಲಯದಲ್ಲಿ ಪೂಜೆ ಸಲ್ಲಿಸುವ ಭಟ್ಟರು ಕರ್ನಾಟಕ ಮೂಲದವರಾಗಿರುವುದರಿಂದ ಗರ್ಭಗುಡಿಯ ಬಾಗಿಲಲ್ಲಿ ಕನ್ನಡ ಕಿವಿಗೆ ಬಿದ್ದರೆ ಆಶ್ಚರ್ಯಪಡಬೇಕಿಲ್ಲ. ಕಠ್ಮಂಡು ಸುಮಾರು 1,400 ಮೀಟರ್ ಎತ್ತರದಲ್ಲಿದ್ದು ಯಾರಿಗೂ ತೊಂದರೆ ಕೊಡುವುದಿಲ್ಲವಾದರೂ, ಹಲವರು ಜೊತೆಗೇ ಸೇರಿಸಿಕೊಳ್ಳುವ ಮುಕ್ತಿನಾಥ 3,700 ಮೀಟರಿಗಿಂತ ಮೇಲಿರುವುದರಿಂದ ಹೃದಯರೋಗ, ಉಬ್ಬಸ ಇರುವವರು ವೈದ್ಯರನ್ನು ಕೇಳದೆ ಅಲ್ಲಿಗೆ ಏರಬಾರದು.

ಅಮೆರಿಕದಲ್ಲಿರುವವರಿಗೆ ಈ ಯೋಜನೆ ಸುಲಭವಾಗಿ ಒಗ್ಗುವುದಿಲ್ಲ, ಮತ್ತು ಅದಕ್ಕೆ ದೂರವೊಂದೇ ಕಾರಣವಲ್ಲ. ಎಚ್-1ಬಿ ಎಂಬ ಉದ್ಯೋಗ ವೀಸಾದ ಮೇಲೆ ಇರುವವರಿಗೆ ಆ ದೇಶದೊಳಗೆ ಇರಲು ಕೊಟ್ಟ ಅನುಮತಿ ಬೇರೆ, ಹೊರಹೋಗಿ ಮರಳಿ ಒಳಬರಲು ಪಾಸ್‌ಪೋರ್ಟಿನಲ್ಲಿ ಅಂಟಿಸಿರುವ ವೀಸಾ ಬೇರೆ. ಮೊದಲನೆಯದು ಚಾಲ್ತಿಯಲ್ಲಿದ್ದು ಎರಡನೆಯದರ ಅವಧಿ ಮುಗಿದಿರುವುದು ಸಾಮಾನ್ಯ. ಹಾಗಿರುವಾಗ ಸಿಂಗಪುರಕ್ಕೋ ದುಬೈಗೋ ಬಂದವರು ಹೊಸ ವೀಸಾ ಪಡೆಯದೆ ಮರಳಲಾಗುವುದಿಲ್ಲ, ಮತ್ತು 2025ರ ಸೆಪ್ಟೆಂಬರಿನಿಂದ ಅಮೆರಿಕ ಸರ್ಕಾರ ಇಂಥ ಅರ್ಜಿಗಳನ್ನು ಸ್ವಂತ ದೇಶದಲ್ಲಿ ಅಥವಾ ವಾಸವಿರುವ ದೇಶದಲ್ಲಿಯೇ ಸಲ್ಲಿಸಬೇಕೆಂದು ಹೇಳಿದೆ. ಕೆನಡಾ ಅಥವಾ ಮೆಕ್ಸಿಕೊಗೆ 30 ದಿನ ಮೀರದಂತೆ ಹೋಗಿ ಬರುವವರಿಗೆ ಮಾತ್ರ ಕೆಲವು ಷರತ್ತುಗಳೊಡನೆ ವಿನಾಯಿತಿ ಇದೆ. ಆದರೆ ಅದಕ್ಕೆ ಊರಿನ ಹಿರಿಯರು ಕೆನಡಾದ ವೀಸಾ ಪಡೆದು ಭೂಮಿಯ ಆ ಬದಿಗೆ ಹೋಗಬೇಕು. ಅಂಥವರು ವೀಸಾ ನವೀಕರಣಕ್ಕೆಂದು ಭಾರತಕ್ಕೇ ಬಂದು ಆ ಸಮಯದಲ್ಲಿಯೇ ಕುಟುಂಬದ ಪ್ರವಾಸವನ್ನು ಇಟ್ಟುಕೊಳ್ಳುವುದು ವಿವೇಕ.

ಒಂದೇ ಮನೆಯವರಿಗೆ ಒಂದೇ ದೇಶದ ನಿಯಮ ಬೇರೆಬೇರೆಯಾಗಿರುವುದೂ ಉಂಟು. ಅಮೆರಿಕದ ವೀಸಾ ಅಥವಾ ಬ್ರಿಟನ್, ಯುರೋಪುಗಳ ವಾಸದ ಅನುಮತಿ ಇರುವ ಭಾರತೀಯರಿಗೆ ದುಬೈನಲ್ಲಿ ಇಳಿದ ಮೇಲೆಯೇ 14 ದಿನಗಳ ವೀಸಾ ಸಿಗುತ್ತದೆ. ಊರಿನಿಂದ ಹೊರಟ ತಂದೆತಾಯಿಯರಿಗೆ ಅದು ಮೊದಲೇ ಕೈಯಲ್ಲಿರಬೇಕು. ಥಾಯ್ಲೆಂಡ್, ಮಲೇಷ್ಯಾಗಳು ಇತ್ತೀಚಿನ ವರ್ಷಗಳಲ್ಲಿ ಭಾರತೀಯರಿಗೆ ವೀಸಾ ಇಲ್ಲದೆಯೇ ಪ್ರವೇಶ ಕೊಟ್ಟಿದ್ದರೂ ಇಂಥ ರಿಯಾಯಿತಿಗಳ ಅವಧಿಯೂ ದಿನಗಳ ಮಿತಿಯೂ ಆಗಾಗ ಬದಲಾಗುತ್ತಿರುತ್ತವೆ. ಆದ್ದರಿಂದ ಟಿಕೆಟ್ ಕೊಳ್ಳುವ ದಿನವೇ ಆಯಾ ದೇಶದ ಸರ್ಕಾರಿ ಜಾಲತಾಣದಲ್ಲಿ ನಿಯಮವನ್ನು ನೋಡಬೇಕು, ಕಳೆದ ವರ್ಷ ಹೋಗಿಬಂದ ನೆಂಟರ ಮಾತನ್ನು ನೆಚ್ಚಬಾರದು. ಸಂಚಾರದಲ್ಲಿರುವ ಮಕ್ಕಳು ತಾವಿರುವ ದೇಶದ ವೀಸಾ ಒಂದೇ ಪ್ರವೇಶಕ್ಕೆ ಸೀಮಿತವೇ ಎಂಬುದನ್ನೂ ಪರೀಕ್ಷಿಸಿಕೊಳ್ಳಬೇಕು. ಸೀಮಿತವಾಗಿದ್ದರೆ ಒಮ್ಮೆ ಹೊರಬಂದವರಿಗೆ ಮರಳಿ ಹೋಗಲು ದಾರಿ ಮುಚ್ಚುತ್ತದೆ.

ಕಾಗದಪತ್ರ

ವಯಸ್ಕರ 36 ಪುಟಗಳ ಪಾಸ್‌ಪೋರ್ಟಿಗೆ ಶುಲ್ಕ 1,500 ರೂಪಾಯಿ, ಅವಧಿ 10 ವರ್ಷ. ಹೊಸದಾಗಿ ಅರ್ಜಿ ಹಾಕುವ 60 ಮೀರಿದವರಿಗೆ ಶುಲ್ಕದಲ್ಲಿ ಶೇಕಡಾ 10ರಷ್ಟು ರಿಯಾಯಿತಿ ಇದೆ. ಅರ್ಜಿಯನ್ನು ಆನ್‌ಲೈನಿನಲ್ಲಿ ತುಂಬಿ, ಹುಬ್ಬಳ್ಳಿಯ ಪಾಸ್‌ಪೋರ್ಟ್ ಸೇವಾ ಕೇಂದ್ರದಲ್ಲಿ ಸಮಯ ಗೊತ್ತುಮಾಡಿಕೊಂಡು, ಮೂಲ ದಾಖಲೆಗಳೊಡನೆ ಹಾಜರಾದರೆ ಬೆರಳಚ್ಚು ಮತ್ತು ಭಾವಚಿತ್ರ ತೆಗೆಯುತ್ತಾರೆ. ಆಮೇಲೆ ಊರಿನ ಪೊಲೀಸ್ ಠಾಣೆಯಿಂದ ಪರಿಶೀಲನೆ ನಡೆಯುತ್ತದೆ. ಇದರಲ್ಲಿ ಕಷ್ಟವಾದದ್ದು ಹೆಸರು ಮತ್ತು ಹುಟ್ಟಿದ ದಿನ, ಉಳಿದದ್ದೆಲ್ಲ ಸಲೀಸು. ಈ ಭಾಗದ ಹಿರಿಯರ ಅಡ್ಡಹೆಸರು ಪಹಣಿಯಲ್ಲಿ ಒಂದು ರೀತಿ, ಆಧಾರಿನಲ್ಲಿ ಇನ್ನೊಂದು ರೀತಿ ಇರುವುದು ಅಪರೂಪವಲ್ಲ. ಹುಟ್ಟಿದ ದಿನವಂತೂ, ಶಾಲೆಗೆ ಸೇರಿಸಿದ ಮಾಸ್ತರರ ಕೃಪೆಯಿಂದ, ಒಂದು ತಲೆಮಾರಿನ ಬಹುಮಂದಿಗೆ ಜೂನ್ 1. ಆ ದಿನಾಂಕ ನಿಜವೇ ಎಂಬ ಜಿಜ್ಞಾಸೆಯನ್ನು ಈಗ ಎತ್ತುವುದರಿಂದ ಪ್ರಯೋಜನವಿಲ್ಲ, ಎಲ್ಲ ದಾಖಲೆಗಳಲ್ಲಿ ಅದು ಒಂದೇ ಆಗಿರುವುದಷ್ಟೇ ಮುಖ್ಯ. ತಿದ್ದುಪಡಿ ಬೇಕಿದ್ದರೆ ಮೊದಲು ಆಧಾರನ್ನು ಸರಿಪಡಿಸಿಕೊಂಡು ಆಮೇಲೆ ಪಾಸ್‌ಪೋರ್ಟಿಗೆ ಹೋಗಬೇಕು.

ಅಡ್ಡಹೆಸರಿಲ್ಲದೆ ಬರಿಯ ‘ಬಸವ್ವ’, ‘ನಿಂಗಪ್ಪ’ ಎಂದು ಒಂದೇ ಪದದ ಹೆಸರಿನಲ್ಲಿ ಪಾಸ್‌ಪೋರ್ಟ್ ಮಾಡಿಸಿದವರಿಗೆ ಒಂದು ಎಚ್ಚರಿಕೆ: ಸಂಯುಕ್ತ ಅರಬ್ ಸಂಸ್ಥಾನವು 2022ರ ನವೆಂಬರಿನಿಂದ ಒಂದೇ ಪದದ ಹೆಸರಿರುವವರಿಗೆ ಭೇಟಿಯ ಹಾಗೂ ಪ್ರವಾಸದ ವೀಸಾದ ಮೇಲೆ ಪ್ರವೇಶ ನಿರಾಕರಿಸುತ್ತಿದೆ. ಹೊಸದಾಗಿ ಅರ್ಜಿ ಹಾಕುವಾಗಲೇ ಹೆಸರು ಮತ್ತು ಅಡ್ಡಹೆಸರಿನ ಎರಡೂ ಮನೆಗಳನ್ನು ತುಂಬಿದರೆ ಈ ತೊಡಕು ಬರುವುದಿಲ್ಲ. ಹತ್ತನೇ ತರಗತಿ ಮುಗಿಸದವರ ಪಾಸ್‌ಪೋರ್ಟು ‘ಇಸಿಆರ್’ ವರ್ಗಕ್ಕೆ, ಎಂದರೆ ಕೊಲ್ಲಿ ದೇಶಗಳೂ ಸೇರಿ ಕೆಲವು ನಿಗದಿತ ದೇಶಗಳಿಗೆ ಕೆಲಸಕ್ಕಾಗಿ ಹೋಗುವಾಗ ವಲಸೆ ಅಧಿಕಾರಿಯ ಅನುಮತಿ ಬೇಕಾಗುವ ವರ್ಗಕ್ಕೆ ಸೇರುತ್ತದೆ. 50 ದಾಟಿದವರಿಗೆ ಈ ನಿಯಮವಿಲ್ಲ, ಕೆಲಸಕ್ಕಲ್ಲದೆ ಪ್ರವಾಸಕ್ಕಾಗಿ ಹೋಗುವವರಿಗೂ ಆ ಅನುಮತಿ ಬೇಕಿಲ್ಲ. ಆದರೂ ಮರುಪ್ರಯಾಣದ ಟಿಕೆಟ್, ಹೋಟೆಲಿನ ಕಾಯ್ದಿರಿಸುವಿಕೆ ಮತ್ತು ಮಕ್ಕಳ ಪಾಸ್‌ಪೋರ್ಟಿನ ಪ್ರತಿ ಕೈಯಲ್ಲಿದ್ದರೆ ವಿಮಾನ ನಿಲ್ದಾಣದ ಪ್ರಶ್ನೆಗಳು ಬೇಗ ಮುಗಿಯುತ್ತವೆ. ಈಗಾಗಲೇ ಪಾಸ್‌ಪೋರ್ಟ್ ಇರುವವರು ಅದರ ಅವಧಿ ಪ್ರವಾಸದ ದಿನದಿಂದ ಕನಿಷ್ಠ ಆರು ತಿಂಗಳು ಉಳಿದಿದೆಯೇ ಎಂದು ನೋಡಿಕೊಳ್ಳಬೇಕು. ಹಲವು ದೇಶಗಳು ಅದಕ್ಕಿಂತ ಕಡಿಮೆ ಇದ್ದರೆ ಒಳಗೆ ಬಿಡುವುದಿಲ್ಲ.

ಥಾಯ್ಲೆಂಡ್ 2025ರ ಮೇ 1ರಿಂದ ಡಿಜಿಟಲ್ ಆಗಮನ ಪತ್ರವನ್ನು ಕಡ್ಡಾಯ ಮಾಡಿದೆ. ಸಿಂಗಪುರ, ಮಲೇಷ್ಯಾಗಳಲ್ಲಿಯೂ ಇಂಥ ಪತ್ರವಿದ್ದು, ಇಳಿಯುವ ಮುಂಚಿನ ಮೂರು ದಿನಗಳೊಳಗೆ ತುಂಬಬೇಕು. ಮೂರೂ ಉಚಿತ. ಸರ್ಕಾರಿ ತಾಣದಂತೆಯೇ ಕಾಣುತ್ತ ಹಣ ಕೇಳುವ ನಕಲಿ ತಾಣಗಳು ಬೇಕಾದಷ್ಟಿರುವುದರಿಂದ ಈ ಕೆಲಸವನ್ನು ಹೊರದೇಶದಲ್ಲಿರುವ ಮಕ್ಕಳೇ ಮಾಡಿ, ಪ್ರತಿಯನ್ನು ಊರಿಗೆ ಕಳಿಸುವುದು ಒಳ್ಳೆಯದು.

ಊರಿನಿಂದ ವಿಮಾನದವರೆಗೆ

ರಾಷ್ಟ್ರೀಯ ಹೆದ್ದಾರಿ 48ರ ಮೇಲಿರುವ ಮೋಟೆಬೆನ್ನೂರಿನಿಂದ ಕಾರಿನಲ್ಲಿ ಹೊರಟವರು ಬೆಂಗಳೂರು ನಗರವನ್ನು ಹೊಗದೆಯೇ ವಿಮಾನ ನಿಲ್ದಾಣ ತಲುಪಬಹುದು: ತುಮಕೂರು ದಾಟಿ ಡಾಬಸ್‌ಪೇಟೆಯಲ್ಲಿ ಎಡಕ್ಕೆ ಹೊರಳಿದರೆ ದೊಡ್ಡಬಳ್ಳಾಪುರದ ಮೇಲೆ ದೇವನಹಳ್ಳಿ ಸಿಗುತ್ತದೆ. ರೈಲಿನಲ್ಲಿ ಹೋಗುವವರಿಗೆ ರಾತ್ರಿ ಹಾವೇರಿ, ರಾಣೇಬೆನ್ನೂರುಗಳಲ್ಲಿ ನಿಂತು ಬೆಳಗಿಗೆ ಬೆಂಗಳೂರು ಮುಟ್ಟುವ ರಾಣಿ ಚನ್ನಮ್ಮ ಎಕ್ಸ್‌ಪ್ರೆಸ್ ಅನುಕೂಲ. ಹೊರದೇಶದಿಂದ ಟಿಕೆಟ್ ಕಾಯ್ದಿರಿಸುವ ಮಕ್ಕಳು ಹಾವೇರಿ ನಿಲ್ದಾಣದ ಹೆಸರಿನಲ್ಲಿ ಮೈಲಾರ ಮಹದೇವಪ್ಪನವರ ಹೆಸರು ಸೇರಿರುವುದನ್ನು ಕಂಡು ಬೇರೆ ನಿಲ್ದಾಣವೆಂದು ತಿಳಿಯಬಾರದು. ಮೋಟೆಬೆನ್ನೂರಿನಲ್ಲಿ 1911ರಲ್ಲಿ ಹುಟ್ಟಿ, 1930ರ ದಂಡಿ ಯಾತ್ರೆಯಲ್ಲಿ ಗಾಂಧೀಜಿಯೊಡನೆ ನಡೆದು, 1943ರಲ್ಲಿ ಹೊಸರಿತ್ತಿಯಲ್ಲಿ ಹುತಾತ್ಮರಾದ ಅವರ ನೆನಪಿಗೆ ಆ ಹೆಸರು ಬಂದಿದೆ. ಹೊರದೇಶದ ವಿಮಾನಗಳು ಬಹುಪಾಲು ನಡುರಾತ್ರಿಯ ಆಚೀಚೆ ಹೊರಡುವುದರಿಂದ ಬೆಳಗಿಗೆ ಇಳಿದವರಿಗೆ ಇಡೀ ಹಗಲು ಬೆಂಗಳೂರಿನಲ್ಲಿ ಕಳೆಯಬೇಕಾಗುತ್ತದೆ. ಅದು ನಷ್ಟವಲ್ಲ, ಏಕೆಂದರೆ ರೈಲು ತಡವಾದರೂ ವಿಮಾನ ತಪ್ಪುವುದಿಲ್ಲ.

ಹುಬ್ಬಳ್ಳಿಯಿಂದ ಬೆಂಗಳೂರಿಗೆ ಹಾರುವವರು ಎರಡೂ ಪ್ರಯಾಣಗಳನ್ನು ಒಂದೇ ಟಿಕೆಟಿನಲ್ಲಿ ಕೊಳ್ಳಬೇಕು. ಹಾಗಿದ್ದಾಗ ಮಾತ್ರ ಮೊದಲ ವಿಮಾನ ತಡವಾದರೆ ಮುಂದಿನದಕ್ಕೆ ವ್ಯವಸ್ಥೆ ಮಾಡುವ ಹೊಣೆ ಕಂಪನಿಯದಾಗುತ್ತದೆ. ಬೆಂಗಳೂರಿನಲ್ಲಿ ಹೊರದೇಶದ ವಿಮಾನಗಳು 2023ರ ಸೆಪ್ಟೆಂಬರಿನಿಂದ ಎರಡನೇ ಟರ್ಮಿನಲ್‌ನಿಂದ ಹೊರಡುತ್ತಿದ್ದು, ಒಂದನೇ ಟರ್ಮಿನಲ್‌ನಲ್ಲಿ ಇಳಿದವರು ಅಲ್ಲಿನ ಬಸ್ಸಿನಲ್ಲಿ ಹೋಗಬೇಕೆಂಬುದನ್ನು ಮೊದಲೇ ತಿಳಿಸಿರಬೇಕು. ಗಾಲಿಕುರ್ಚಿಯನ್ನು ಟಿಕೆಟ್ ಕೊಳ್ಳುವಾಗಲೇ ಕೇಳಿಕೊಳ್ಳಬಹುದು. ನಡೆಯಬಲ್ಲ ಹಿರಿಯರು ಇದಕ್ಕೆ ಸಂಕೋಚಪಡುವುದು ಸಹಜವಾದರೂ, ಕುರ್ಚಿ ತಳ್ಳುವ ಸಿಬ್ಬಂದಿಯೇ ತಪಾಸಣೆ, ವಲಸೆ ಕೌಂಟರ್, ವಿಮಾನದ ಬಾಗಿಲು ಇಷ್ಟನ್ನೂ ದಾಟಿಸುವುದರಿಂದ, ಮೊದಲ ಬಾರಿ ಹೋಗುವವರಿಗೆ ಅದಕ್ಕಿಂತ ಒಳ್ಳೆಯ ದಾರಿತೋರುಗರಿಲ್ಲ.

ಸೇರುವ ಊರಿನಲ್ಲಿ ಮಕ್ಕಳು ಮೊದಲು ಇಳಿದಿರಬೇಕು, ಅದೂ ಹಿಂದಿನ ದಿನವೇ. ಊರಿನ ಸಿಮ್‌ಗೆ ಅಂತರರಾಷ್ಟ್ರೀಯ ರೋಮಿಂಗ್ ಹಾಕಿಸದಿದ್ದರೆ ನಿಲ್ದಾಣದ ಉಚಿತ ವೈಫೈಗೆ ಬೇಕಾದ ಒಟಿಪಿಯೂ ಬರುವುದಿಲ್ಲ. ಆದ್ದರಿಂದ ಹೋಟೆಲಿನ ವಿಳಾಸ, ಮಕ್ಕಳ ಫೋನ್ ಸಂಖ್ಯೆ, ಮಾತ್ರೆಗಳ ಹೆಸರು ಇವನ್ನು ಇಂಗ್ಲಿಷಿನಲ್ಲಿ ಬರೆದ ಒಂದು ಹಾಳೆ ಅಂಗಿಯ ಕಿಸೆಯಲ್ಲೋ ಕೈಚೀಲದಲ್ಲೋ ಇರಲೇಬೇಕು.

ಬುತ್ತಿ ಮತ್ತು ಮದ್ದು

ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಮಾದಲಿ ಇವು ವಾರಗಟ್ಟಲೆ ಕೆಡದ ಬುತ್ತಿಯಾಗಿದ್ದು ಪ್ರಯಾಣಕ್ಕೆ ಹೇಳಿಸಿದಂತಿವೆ. ಸಸ್ಯಾಹಾರಿ ಹಿರಿಯರಿಗೆ ಥಾಯ್ಲೆಂಡಿನಲ್ಲಿ ಇವೇ ಆಧಾರವಾಗಬಹುದು. ಖಾರದಪುಡಿಯನ್ನು ಕೈಚೀಲದಲ್ಲಿ ಬಿಡುವುದಿಲ್ಲ, ಅದನ್ನು ಒಪ್ಪಿಸುವ ಪೆಟ್ಟಿಗೆಯಲ್ಲಿಯೇ ಹಾಕಬೇಕು. ತುಪ್ಪ, ಉಪ್ಪಿನಕಾಯಿ, ರಂಜಕಗಳಿಗೂ ಅದೇ ಮಾತು. ಒಣಕೊಬ್ಬರಿಯಲ್ಲಿ ಎಣ್ಣೆಯಂಶ ಹೆಚ್ಚಿದ್ದು ತಾನಾಗಿ ಕಾವೇರಿ ಹೊತ್ತಿಕೊಳ್ಳಬಲ್ಲ ವಸ್ತುವೆಂದು ವಿಮಾನಯಾನದಲ್ಲಿ ಎಣಿಸಲಾಗಿರುವುದರಿಂದ ಅದನ್ನು ಮನೆಯಲ್ಲಿಯೇ ಬಿಡಬೇಕು.

ಎಲ್ಲಕ್ಕಿಂತ ಗಂಭೀರವಾದದ್ದು ಗಸಗಸೆ. ಇಲ್ಲಿ ಪಾಯಸಕ್ಕೂ ಮಸಾಲೆಗೂ ಬಳಸುವ ಈ ಕಾಳು ಅಫೀಮಿನ ಗಿಡದ ಬೀಜವಾದ್ದರಿಂದ ಸಂಯುಕ್ತ ಅರಬ್ ಸಂಸ್ಥಾನದಲ್ಲಿಯೂ ಸಿಂಗಪುರದಲ್ಲಿಯೂ ನಿಷಿದ್ಧ. ಮೊದಲನೆಯ ದೇಶದಲ್ಲಿ ಅದು ಮಾದಕವಸ್ತು ಸಾಗಣೆಯ ಮೊಕದ್ದಮೆಗೂ ಕಾರಣವಾಗಬಹುದು. ಮನೆಯಲ್ಲಿ ಬೀಸಿಸಿದ ಮಸಾಲೆಪುಡಿಯಲ್ಲಿ ಅದು ಸೇರಿಲ್ಲವೆಂದು ಖಾತ್ರಿಯಾಗದಿದ್ದರೆ ಆ ಪುಡಿಯನ್ನೇ ಒಯ್ಯಬಾರದು. ಎಲೆ-ಅಡಿಕೆಯ ಚಟವಿರುವವರು ದುಬೈಗೆ ಎಲೆಯನ್ನೂ, ತಂಬಾಕು ಹಾಕುವವರು ಸಿಂಗಪುರಕ್ಕೆ ಜಗಿಯುವ ತಂಬಾಕನ್ನೂ ಕೊಂಡೊಯ್ಯುವಂತಿಲ್ಲ. ನೋವಿನ ಮಾತ್ರೆ ಮತ್ತು ಕೆಮ್ಮಿನ ಔಷಧಗಳಲ್ಲಿ ಟ್ರಾಮಡಾಲ್, ಕೊಡೀನ್ ಇದ್ದರೆ ಕೊಲ್ಲಿ ದೇಶಗಳಲ್ಲಿ ಮುಂಗಡ ಅನುಮತಿ ಬೇಕು. ಸಕ್ಕರೆ ಕಾಯಿಲೆ, ರಕ್ತದೊತ್ತಡದ ಮಾತ್ರೆಗಳನ್ನು ವೈದ್ಯರ ಚೀಟಿಯೊಡನೆ, ಮೂಲ ಹಾಳೆಯಲ್ಲಿಯೇ, ಕೈಚೀಲದಲ್ಲಿ ಇಟ್ಟುಕೊಳ್ಳಬೇಕು. ಪ್ರವಾಸ ವಿಮೆ ಮಾಡಿಸುವಾಗ ಈ ಕಾಯಿಲೆಗಳನ್ನು ಬಚ್ಚಿಡಬಾರದು. ಮೊದಲೇ ಇರುವ ಕಾಯಿಲೆಗೂ ರಕ್ಷಣೆ ಕೊಡುವ ಪಾಲಿಸಿಗೆ ಸ್ವಲ್ಪ ಹೆಚ್ಚು ಹಣ ಹೋದರೂ ಅದನ್ನೇ ಕೊಳ್ಳಬೇಕು.

ಸಂಚಾರದಲ್ಲಿರುವವರು ಊರಿಗೆ ಒಪ್ಪಿಸಬೇಕಾದ ಲೆಕ್ಕ

ರಾಣೇಬೆನ್ನೂರು ತಾಲ್ಲೂಕಿನ ಚಳಗೇರಿಯ ವೈದ್ಯಕೀಯ ವಿದ್ಯಾರ್ಥಿಯೊಬ್ಬರು 2022ರ ಮಾರ್ಚ್ 1ರಂದು ಉಕ್ರೇನಿನ ಖಾರ್ಕಿವ್‌ನಲ್ಲಿ ದಾಳಿಗೆ ಬಲಿಯಾದದ್ದನ್ನು ಈ ಜಿಲ್ಲೆ ಮರೆತಿಲ್ಲ. ಮರುವರ್ಷ ಏಪ್ರಿಲಿನಲ್ಲಿ ಗಿಡಮೂಲಿಕೆ ಮಾರಲು ಸುಡಾನಿಗೆ ಹೋಗಿದ್ದ ದಾವಣಗೆರೆ, ಶಿವಮೊಗ್ಗ, ಮೈಸೂರು ಜಿಲ್ಲೆಗಳ ಹಕ್ಕಿಪಿಕ್ಕಿ ಸಮುದಾಯದವರು ಅಲ್ಲಿನ ಕಾಳಗದ ನಡುವೆ ಸಿಕ್ಕಿಕೊಂಡಾಗ ಭಾರತ ಸರ್ಕಾರ ‘ಆಪರೇಷನ್ ಕಾವೇರಿ’ ಎಂಬ ಹೆಸರಿನಲ್ಲಿ ಜನರನ್ನು ಕರೆತಂದಿತು. ಯುದ್ಧವನ್ನು ಯಾರೂ ಮೊದಲೇ ಊಹಿಸಲಾರರು; ಆದರೆ ದೀರ್ಘ ಸಂಚಾರದಲ್ಲಿರುವವರು ಪ್ರತಿ ದೇಶದಲ್ಲಿಯೂ ಭಾರತೀಯ ರಾಯಭಾರ ಕಚೇರಿಯಲ್ಲಿ ಹೆಸರು ನೋಂದಾಯಿಸಿ, ತಮ್ಮ ಮುಂದಿನ ಊರು, ವಿಳಾಸ, ಪಾಸ್‌ಪೋರ್ಟಿನ ಪ್ರತಿ ಇವು ಊರಿನ ಒಬ್ಬರ ಬಳಿಯಾದರೂ ಇರುವಂತೆ ನೋಡಿಕೊಂಡರೆ ಹುಡುಕುವವರಿಗೆ ದಾರಿ ಸಿಗುತ್ತದೆ. ಪಾಸ್‌ಪೋರ್ಟ್ ಕಳೆದರೆ ಅದೇ ಕಚೇರಿ ‘ತುರ್ತು ಪ್ರಮಾಣಪತ್ರ’ವನ್ನು, ಅಂದರೆ ಊರಿಗೆ ಒಮ್ಮೆ ಮರಳಲು ಮಾತ್ರ ಸಲ್ಲುವ ಕಾಗದವನ್ನು ಕೊಡುತ್ತದೆ, ಅದರ ಮೇಲೆ ಮತ್ತೊಂದು ದೇಶಕ್ಕೆ ಪ್ರವಾಸ ಮುಂದುವರಿಸಲಾಗದು.

ವಿಮಾನ ಪ್ರಯಾಣ ಬೇಡವೆಂದು ವೈದ್ಯರು ಹೇಳಿದ ಹಿರಿಯರಿರುವ ಮನೆಗೆ ಮಕ್ಕಳೇ ಬರಬೇಕು, ಅದರಲ್ಲಿ ಎರಡು ಮಾತಿಲ್ಲ. ಹಾಗೆ ಬಂದಾಗಲೂ ರಜೆಯೆಲ್ಲ ನೆಂಟರ ಮನೆಗಳ ಚಹಾದಲ್ಲಿ ಕರಗಿಹೋಗದಂತೆ ಎರಡು ಮೂರು ದಿನಗಳನ್ನು ಕಾದಿಟ್ಟು, ಒಂದು ಗಾಡಿ ಮಾಡಿಕೊಂಡು, ಕಾಗಿನೆಲೆ, ಕನಕದಾಸರು ಹುಟ್ಟಿದ ಬಾಡ, ಬಂಕಾಪುರದ ಕೋಟೆಯೊಳಗಿನ ನಗರೇಶ್ವರ ಗುಡಿ ಮತ್ತು ನವಿಲುಧಾಮ, ತುಂಗಭದ್ರೆಯ ದಡದ ಚೌಡದಾನಪುರ, ವರದಾ ನದಿ ಬಂದು ಕೂಡುವ ಗಳಗನಾಥ ಇವನ್ನು ಹಿರಿಯರೊಡನೆ ನೋಡಿಬರಬಹುದು. ಇವೆಲ್ಲ ಮೋಟೆಬೆನ್ನೂರಿನಿಂದ ಬೆಳಿಗ್ಗೆ ಹೊರಟು ಸಂಜೆಗೆ ಮರಳುವಷ್ಟು ಹತ್ತಿರದಲ್ಲಿವೆ. ಹೊರಡಬಲ್ಲ ಹಿರಿಯರಿರುವ ಮನೆಯವರು ಮಾತ್ರ ಪ್ರವಾಸದ ದಿನ ಗೊತ್ತಾಗುವವರೆಗೆ ಕಾಯದೆ ಈ ಬೇಸಿಗೆಯ ಬಿಡುವಿನಲ್ಲಿಯೇ ಅವರ ಪಾಸ್‌ಪೋರ್ಟಿಗೆ ಅರ್ಜಿ ಹಾಕಿಸಿಬಿಡಲಿ.